ಹೊಟ್ಟೆ ತುಂಬುವ ಚಳಿಗಾಲದ ಪಚಡಿ: ಮೆಂತ್ಯ, ಮೂಲಂಗಿ, ಹಸಿಕಡಲೆ

ಕೈತೋಟದಲ್ಲಿ ಮೆಂತ್ಯ, ಮೂಲಂಗಿ, ಗಜ್ಜರಿ (ಕ್ಯಾರೆಟ್) ಮೂರೂ ಒಟ್ಟಿಗೆ ಕೈಗೆ ಬಂದಿವೆ, ರಾತ್ರಿಯ ಊಟಕ್ಕೆ ಸಲಾಡ್ ಮಾಡಿಕೊಂಡರೆ ಸ್ವಲ್ಪ ಹೊತ್ತಿಗೇ ಮತ್ತೆ ಹಸಿವಾಗುತ್ತದೆ, ಬಟ್ಟಲಿನ ತಳದಲ್ಲಿ ನೀರೂ ನಿಲ್ಲುತ್ತದೆ ಎಂದು ನೀವು ಬರೆದಿದ್ದೀರಿ. ಈ ಎರಡು ತೊಂದರೆಗಳಿಗೂ ಹಸಿ ಸೊಪ್ಪು, ತರಕಾರಿ ಬೆರೆಸಿ ಮಾಡುವ ಉತ್ತರ ಕರ್ನಾಟಕದ ಪಚಡಿಯಲ್ಲಿ ಪರಿಹಾರವಿದೆ. ವಿಜಯಪುರ, ಬಾಗಲಕೋಟೆ, ಧಾರವಾಡದ ಕಡೆ ಜೋಳದ ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಮೆಂತ್ಯ, ಹಕ್ಕರಕಿ ಎಂಬ ಸೊಪ್ಪು, ಉಳ್ಳಾಗಡ್ಡಿ ತಪ್ಪಲು (ಈರುಳ್ಳಿ ಸೊಪ್ಪು) ಹೊಟ್ಟೆಗೆ ಆಧಾರವಾಗುವುದು ಅವುಗಳ ಮೇಲೆ ಬೀಳುವ ಶೇಂಗಾ ಹಿಂಡಿ ಮತ್ತು ಗುರೆಳ್ಳು ಹಿಂಡಿಯಿಂದ, ಅಂದರೆ ಹುರಿದು ಕುಟ್ಟಿದ ಚಟ್ನಿಪುಡಿಯಿಂದ. ನಾವು ಬಟ್ಟಲು ತುಂಬ ತರಕಾರಿ ಹೆಚ್ಚಿ, ನಿಂಬೆಹಣ್ಣು ಹಿಂಡಿ, ಅಷ್ಟಕ್ಕೇ ಊಟವೆಂದು ಕುಳಿತರೆ ಹಸಿವಾಗದೆ ಇನ್ನೇನು?

ಆದ್ದರಿಂದ ಮೊದಲು ಹಿಂಡಿಯ ವಿಚಾರ. ನಾಲ್ವರಿಗೆ ಒಂದು ಬಟ್ಟಲು ಶೇಂಗಾ ಸಾಕು. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಸಿಪ್ಪೆ ತೆಗೆದು, ಬೆಳ್ಳುಳ್ಳಿ ಐದಾರು ಎಸಳು, ಒಣಮೆಣಸಿನ ಖಾರ, ಜೀರಿಗೆ, ಉಪ್ಪು ಸೇರಿಸಿ ಒರಳಿನಲ್ಲಿ ತರಿತರಿಯಾಗಿ ಕುಟ್ಟಬೇಕು. ಮಿಕ್ಸಿಯಾದರೆ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗಿ, ಎಲೆಗಳ ಮೇಲೆ ಉದುರುವುದಿಲ್ಲ. ಗುರೆಳ್ಳನ್ನು, ಅಂದರೆ ಹಳೆಯ ಮೈಸೂರಿನವರ ಹುಚ್ಚೆಳ್ಳನ್ನು, ಬೇರೆಯಾಗಿಯೇ ಹುರಿಯಿರಿ. ಕಪ್ಪು ಕಾಳಾದ್ದರಿಂದ ಸೀದದ್ದು ಕಣ್ಣಿಗೆ ಕಾಣುವುದಿಲ್ಲ, ಚಟಪಟ ಸದ್ದು ಬಂದು ಪರಿಮಳ ಎದ್ದ ಕೂಡಲೇ ಇಳಿಸಬೇಕು. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನಾನು ಗುರೆಳ್ಳನ್ನು ಆರಿಸುತ್ತೇನೆ, ಏಕೆಂದರೆ ಮೆಂತ್ಯದ ಕಹಿಗೆ ಅದು ಹೊಂದುವಷ್ಟು ಶೇಂಗಾ ಹೊಂದುವುದಿಲ್ಲ. ಹೊಟ್ಟೆ ತುಂಬಬೇಕೆಂದರೆ ಮಾತ್ರ ಎರಡೂ ಇರಲಿ.

ಎರಡನೆಯ ಆಧಾರ ಕಾಳು. ಹಿಂಗಾರಿನ ಕಡಲೆ ಹಸಿರಾಗಿ ಗಿಡದ ಸಮೇತ ಸಂತೆಗೆ ಬರುವ ಕಾಲವಿದು. ಸುಲಿದ ಹಸಿಕಡಲೆ ಒಂದು ಬಟ್ಟಲು ಹಾಕಿದರೆ ಅಗಿಯುವುದಕ್ಕೂ ಸಿಹಿ, ಹೊಟ್ಟೆಗೂ ಗಟ್ಟಿ. ಕಡಲೆ ಗಿಡದ ಎಲೆಗಳ ಮೇಲೆ ಸಹಜವಾಗಿಯೇ ಹುಳಿ ಇರುತ್ತದೆ; ರಾತ್ರಿ ಹೊಲದಲ್ಲಿ ಬಟ್ಟೆ ಹಾಸಿ, ಬೆಳಿಗ್ಗೆ ಮಂಜಿನೊಡನೆ ಆ ಹುಳಿಯನ್ನು ಹಿಂಡಿಕೊಳ್ಳುವ ರೂಢಿ ಹಿಂದೆ ಇತ್ತು. ಎಳೆಯ ಕುಡಿಗಳು ಸಿಕ್ಕರೆ ಒಂದು ಹಿಡಿ ಸೇರಿಸಿ, ಆಗ ನಿಂಬೆರಸವನ್ನು ಕಡಿಮೆ ಮಾಡಿ. ಬೆಂಗಳೂರು, ಮೈಸೂರಿನ ಕಡೆಯವರಿಗೆ ಈ ಜಾಗದಲ್ಲಿ ಸೊಗಡಿನ ಅವರೆಕಾಳು ಸಿಗುತ್ತದೆ. ಆದರೆ ಅವರೆಯನ್ನು ಹಸಿಕಡಲೆಯ ಹಾಗೆ ಹಸಿಯಾಗಿ ಹಾಕಲೇಬಾರದು. ಬೇಯಿಸದ ಅವರೆಯಲ್ಲಿ ದೇಹಕ್ಕೆ ಒಗ್ಗದ ಅಂಶಗಳಿವೆ. ಕಾಳು ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಬೇಯಿಸಿ, ನೀರು ಬಸಿದು, ಪೂರ್ತಿ ಆರಿದ ಮೇಲೆ ಬೆರೆಸಿ.

ಇನ್ನು ನೀರಿನ ಸಮಸ್ಯೆ. ಉಪ್ಪು ತಗುಲಿದ ತರಕಾರಿ ತನ್ನೊಳಗಿನ ನೀರನ್ನು ಹೊರಬಿಡುತ್ತದೆ; ಹೆಚ್ಚು ಬಿಡುವವು ಮೂಲಂಗಿ ಮತ್ತು ಸೌತೆಕಾಯಿ. ಮೂಲಂಗಿಯನ್ನು ತುರಿದು ಚಿಟಿಕೆ ಉಪ್ಪು ಹಾಕಿ ಹತ್ತು ನಿಮಿಷ ಬಿಟ್ಟು ಹಿಂಡಿಕೊಳ್ಳಿ, ಹಿಂಡಿದ ನೀರನ್ನು ಮಜ್ಜಿಗೆಗೆ ಸೇರಿಸಿದರೆ ವ್ಯರ್ಥವಾಗುವುದಿಲ್ಲ. ಸೌತೆಕಾಯಿಯ ತಿರುಳನ್ನು ಚಮಚದಿಂದ ಕೆರೆದು ತೆಗೆದರೆ ಸಾಕು. ಗಜ್ಜರಿಗೆ ಈ ಉಪಚಾರ ಬೇಕಾಗಿಲ್ಲ.

ಮೆಂತ್ಯಕ್ಕೂ ಉಪ್ಪು ತಿಕ್ಕಿ ಕಹಿ ಹಿಂಡಿ ತೆಗೆಯುವವರಿದ್ದಾರೆ. ನನಗೆ ಅದು ಸರಿಯೆನಿಸುವುದಿಲ್ಲ, ಎಲೆ ಸೊರಗಿ ಬರಿಯ ನಾರು ಉಳಿಯುತ್ತದೆ. ಕಹಿ ಕಡಿಮೆಯಿರಬೇಕಾದರೆ ಕೊಯ್ಯುವಾಗಲೇ ಗಮನ ಕೊಡಬೇಕು. ದಟ್ಟವಾಗಿ ಬಿತ್ತಿದ ಮೆಂತ್ಯವನ್ನು ಗೇಣುದ್ದ ಬೆಳೆಯುವ ಮೊದಲೇ, ಮೂರು ನಾಲ್ಕು ವಾರಕ್ಕೆಲ್ಲ, ಬೇರುಸಹಿತ ಕೀಳಿರಿ. ಹೂ ಕಂಡ ಮೇಲೆ ಆ ಸೊಪ್ಪು ಪಲ್ಯಕ್ಕೆ ಸರಿ, ಪಚಡಿಗೆ ಅಲ್ಲ. ಬೇರು ಕತ್ತರಿಸಿ, ಮಣ್ಣು ತಳದಲ್ಲಿ ನಿಲ್ಲದವರೆಗೆ ಮೂರು ನಾಲ್ಕು ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಹರವಿ ಒಣಗಿಸಿ. ಒದ್ದೆ ಎಲೆಗೆ ಹಿಂಡಿ ಅಂಟಿ ಗಂಟಾಗುತ್ತದೆ. ಬೇಯಿಸದೆ ತಿನ್ನುವ ಸೊಪ್ಪಾದ್ದರಿಂದ ತೊಳೆಯುವುದರಲ್ಲಿ ಅವಸರ ಬೇಡ, ಸಂತೆಯಿಂದ ತಂದದ್ದಾದರೆ ಇನ್ನೂ ಹೆಚ್ಚು ಎಚ್ಚರ ಬೇಕು. ಹೆಚ್ಚುವಾಗ ದಪ್ಪಗೆ ಹೆಚ್ಚಿ, ಅದೂ ಊಟಕ್ಕೆ ಸ್ವಲ್ಪ ಮೊದಲು. ಸಣ್ಣಗೆ ಹೆಚ್ಚಿದಷ್ಟೂ ರಸ ಬಿಟ್ಟು ಕಹಿ ಮುಂದಾಗುತ್ತದೆ.

ಕೂಡಿಸುವುದು ಸುಲಭ. ಎರಡು ಹಿಡಿಕಟ್ಟು ಮೆಂತ್ಯ, ಹಿಂಡಿದ ಮೂಲಂಗಿ ಒಂದು, ತುರಿದ ಗಜ್ಜರಿ ಎರಡು, ಒಂದು ಸೌತೆಕಾಯಿ, ನಾಲ್ಕೈದು ಉಳ್ಳಾಗಡ್ಡಿ ತಪ್ಪಲು, ಒಂದು ಬಟ್ಟಲು ಕಾಳು, ಇವಿಷ್ಟನ್ನು ಅಗಲವಾದ ಪಾತ್ರೆಯಲ್ಲಿ ಹಾಕಿ, ಎರಡು ಚಮಚ ಹಸಿ ಕುಸುಬಿ ಎಣ್ಣೆ ಅಥವಾ ಶೇಂಗಾ ಎಣ್ಣೆಯನ್ನು ಮೊದಲು ಸವರಿ ಬೆರೆಸಿ. ಎಣ್ಣೆ ಎಲೆಯ ಮೇಲೆ ಪದರವಾಗಿ ನಿಂತು ಉಪ್ಪಿನಿಂದ ಸ್ವಲ್ಪ ಹೊತ್ತು ಕಾಯುತ್ತದೆ. ಗಜ್ಜರಿಯ ಕೆಂಪು ಬಣ್ಣದಲ್ಲಿರುವ ಪೋಷಕಾಂಶವನ್ನು ದೇಹ ಹೀರಿಕೊಳ್ಳುವುದಕ್ಕೂ ಈ ಎಣ್ಣೆ ಬೇಕು. ಆಮೇಲೆ ಶೇಂಗಾ ಹಿಂಡಿ ನಾಲ್ಕು ಚಮಚ, ಗುರೆಳ್ಳು ಹಿಂಡಿ ಎರಡು ಚಮಚ ಉದುರಿಸಿ, ರುಚಿ ನೋಡಿ ಉಪ್ಪು ಹಾಕಿ. ಹಿಂಡಿಯಲ್ಲಿ ಆಗಲೇ ಉಪ್ಪಿದೆ ಎಂಬುದು ನೆನಪಿರಲಿ. ಹುಳಿ ಹೆಚ್ಚು ಹೊತ್ತು ತಗುಲಿದರೆ ಸೊಪ್ಪಿನ ಹಸಿರು ಮಾಸುತ್ತದೆ, ಆದ್ದರಿಂದ ನಿಂಬೆರಸವನ್ನು ತಟ್ಟೆಗೆ ಬಡಿಸುವಾಗ ಹಿಂಡಿದರೆ ಸಾಕು. ಕಹಿ ಇನ್ನೂ ತಾಳಲಾಗದಿದ್ದರೆ ಚೂರು ಬೆಲ್ಲ ಪುಡಿಮಾಡಿ ಹಾಕಬಹುದು. ಸಾಸಿವೆ, ಇಂಗಿನ ಒಗ್ಗರಣೆ ನಿಮ್ಮ ಇಚ್ಛೆ. ಬಿಸಿ ಒಗ್ಗರಣೆ ಎಲೆಯನ್ನು ಬಾಡಿಸುತ್ತದೆಂದು ನಾನು ಹಾಕುವುದಿಲ್ಲ.

ಇದರ ಮೇಲೆ ಕಟಕ ರೊಟ್ಟಿಯನ್ನು, ಅಂದರೆ ಒಣಗಿ ಗರಿಗರಿಯಾದ ಜೋಳದ ರೊಟ್ಟಿಯನ್ನು, ಮುರಿದು ಹಾಕಿ, ಪಕ್ಕದಲ್ಲಿ ಗಟ್ಟಿ ಮೊಸರು ಇಟ್ಟುಕೊಂಡರೆ ರಾತ್ರಿ ಬೇರೆ ಅನ್ನ ಬೇಡ. ಮಕ್ಕಳಿಗಾದರೆ ಬೇಯಿಸಿದ ಗೆಣಸಿನ ಹೋಳು ಸೇರಿಸಿ. ಬುತ್ತಿಗೆ ಒಯ್ಯುವವರು ಹಿಂಡಿಯನ್ನೂ ನಿಂಬೆಹಣ್ಣನ್ನೂ ಬೇರೆ ಕಟ್ಟಿಕೊಳ್ಳಲಿ. ಉಳಿದ ಪಚಡಿಯನ್ನು ಮರುದಿನಕ್ಕೆ ಹಾಗೆಯೇ ಇಡಬೇಡಿ. ಆ ರಾತ್ರಿಯೇ ಜೋಳದ ಹಿಟ್ಟು, ಸ್ವಲ್ಪ ಕಡಲೆಹಿಟ್ಟು ಬೆರೆಸಿ ತಾಲಿಪಟ್ಟಿ ತಟ್ಟಿಬಿಡಿ. ನೀರು ಬಿಟ್ಟಿದ್ದರೂ ಪರವಾಗಿಲ್ಲ, ಹಿಟ್ಟು ಕಲಸಲು ಅದೇ ಸಾಕಾಗುತ್ತದೆ.