ಹುಡುಕಾಟದ ಸ್ಥಾನ ಕಳೆದುಕೊಳ್ಳದೆ ಜಾಲತಾಣವನ್ನು ಹೊಸ ಡೊಮೇನ್‌ಗೆ ಸಾಗಿಸುವುದು ಹೇಗೆ?

ಇಲ್ಲಿ ನಿರ್ಣಾಯಕವಾದ ಕೆಲಸವೆಂದರೆ, ಹಳೆಯ ತಾಣದ ಪ್ರತಿಯೊಂದು ಪುಟವನ್ನೂ ಹೊಸ ಡೊಮೇನ್‌ನಲ್ಲಿರುವ ಅದೇ ವಿಷಯದ ಪುಟಕ್ಕೆ 301 ಎಂಬ ಶಾಶ್ವತ ಮರುನಿರ್ದೇಶನದ (ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿಯೇ ಹೊಸ ವಿಳಾಸಕ್ಕೆ ಕಳುಹಿಸುವ ವ್ಯವಸ್ಥೆಯ) ಮೂಲಕ ಜೋಡಿಸುವುದು. ಎಲ್ಲ ವಿಳಾಸಗಳನ್ನೂ ಹೊಸ ತಾಣದ ಮುಖಪುಟಕ್ಕೆ ತಿರುಗಿಸಿಬಿಡುವುದು ಸುಲಭವೆನಿಸಿದರೂ ದಯವಿಟ್ಟು ಹಾಗೆ ಮಾಡಬೇಡಿ. ಗೂಗಲ್ ಅವುಗಳನ್ನು ಅಸ್ತಿತ್ವದಲ್ಲೇ ಇಲ್ಲದ ಪುಟಗಳೆಂದು ಪರಿಗಣಿಸುವ ಸಾಧ್ಯತೆಯಿದ್ದು, ಬೇರೆ ತಾಣಗಳು ಆ ಪುಟಗಳಿಗೆ ಕೊಟ್ಟಿದ್ದ ಕೊಂಡಿಗಳ ಮೌಲ್ಯವೂ ವ್ಯರ್ಥವಾಗಬಹುದು. ಒಂದು ಮರುನಿರ್ದೇಶನದಿಂದ ಇನ್ನೊಂದಕ್ಕೆ ಸಾಗುವ ಸರಪಳಿಯನ್ನು ತಪ್ಪಿಸಿ, ನೇರವಾಗಿ ಅಂತಿಮ ವಿಳಾಸಕ್ಕೇ ಕಳುಹಿಸಿ. ಹುಡುಕಾಟ ಯಂತ್ರಗಳು ಯಾವ ಪುಟಗಳನ್ನು ಓದಬಹುದೆಂದು ತಿಳಿಸುವ ಹಳೆಯ ತಾಣದ ರೋಬಾಟ್ಸ್ ಕಡತದಲ್ಲಿ (robots.txt), ಪುಟಗಳನ್ನು ಓದುವ ಗೂಗಲ್ ತಂತ್ರಾಂಶವಾದ ಗೂಗಲ್‌ಬಾಟ್ ಅನ್ನು ತಡೆದರೆ ಅದು ಈ ಮರುನಿರ್ದೇಶನಗಳನ್ನು ಕಾಣಲಾರದು ಎಂಬುದನ್ನು ಮರೆಯಬಾರದು.

ಹೊಸ ತಾಣದೊಳಗಿನ ಕೊಂಡಿಗಳು, ಕ್ಯಾನನಿಕಲ್ ಟ್ಯಾಗ್‌ಗಳು (ಪುಟದ ಮೂಲ ವಿಳಾಸ ಯಾವುದೆಂದು ತಿಳಿಸುವ ಸಂಕೇತಗಳು), ಸೈಟ್‌ಮ್ಯಾಪ್ (ತಾಣದ ಪುಟಗಳ ಪಟ್ಟಿ) ಎಲ್ಲವೂ ಹೊಸ ವಿಳಾಸವನ್ನೇ ತೋರಿಸಬೇಕು. ಬಳಿಕ ತಾಣದ ಮಾಲೀಕರಿಗಾಗಿ ಗೂಗಲ್ ನೀಡುವ ಸೇವೆಯಾದ ಸರ್ಚ್ ಕನ್ಸೋಲ್‌ನಲ್ಲಿ ಎರಡೂ ಡೊಮೇನ್‌ಗಳ ಒಡೆತನವನ್ನು ದೃಢಪಡಿಸಿ, ಅಲ್ಲಿರುವ ವಿಳಾಸ ಬದಲಾವಣೆಯ ಸಾಧನವನ್ನು ಬಳಸಿ.

ಮರುನಿರ್ದೇಶನಗಳನ್ನು ಕನಿಷ್ಠ 1 ವರ್ಷ ಉಳಿಸಿಕೊಳ್ಳಬೇಕೆಂದು ಗೂಗಲ್ ಸಲಹೆ ನೀಡುತ್ತದೆ. ನನ್ನ ಅಭಿಪ್ರಾಯದಲ್ಲಿ ಹಳೆಯ ಡೊಮೇನನ್ನು ಅದಕ್ಕಿಂತ ಹೆಚ್ಚು ಕಾಲ ನವೀಕರಿಸುತ್ತಿರುವುದೇ ಒಳಿತು, ಏಕೆಂದರೆ ಅದು ಕೈತಪ್ಪಿ ಬೇರೆಯವರ ಪಾಲಾದರೆ ನಿಮ್ಮ ಹಳೆಯ ಕೊಂಡಿಗಳನ್ನು ಹಿಡಿದು ಬರುವ ಓದುಗರು ಎಲ್ಲಿಗೆ ತಲುಪುತ್ತಾರೆಂಬುದು ನಿಮ್ಮ ಹಿಡಿತದಲ್ಲಿರುವುದಿಲ್ಲ.

ವಿನ್ಯಾಸವನ್ನೂ ಪುಟಗಳ ರಚನೆಯನ್ನೂ ಇದೇ ವೇಳೆ ಬದಲಿಸಬೇಡಿ. ಸ್ಥಾನ ಕುಸಿದರೆ ಕಾರಣ ಯಾವುದೆಂದು ಗುರುತಿಸುವುದು ಕಷ್ಟವಾಗುತ್ತದೆ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಗೂಗಲ್ ಪುಟಗಳನ್ನು ಮತ್ತೆ ಓದಿ ಮುಗಿಸುವವರೆಗೆ ಕೆಲವು ವಾರ ಏರಿಳಿತವಿರುವುದು ಸಹಜವಾದ್ದರಿಂದ, ಆ ಅವಧಿಯಲ್ಲಿ ಗಾಬರಿಯಿಂದ ಹಳೆಯ ಡೊಮೇನ್‌ಗೆ ಮರಳಬೇಡಿ.