ಗಂಡನ ಹೆಸರಲ್ಲಿ ಬಂದ ಸಿರಿಮಾವೊ, ಸ್ವಂತ ಹಠದಲ್ಲಿ ಉಳಿದ ಸಿರಿಮಾವೊ

ಪ್ರಶ್ನೆ: ಜಗತ್ತಿನ ಮೊದಲ ಮಹಿಳಾ ಪ್ರಧಾನಿ ಇಂದಿರಾ ಗಾಂಧಿ ಅಲ್ವಾ? ಮನೇಲಿ ದೊಡ್ಡ ವಾದವೇ ಆಗೋಯ್ತು.

ಉತ್ತರ: ಅಲ್ಲ ಕಣ್ರೀ. ಇಂದಿರಾ ಪ್ರಧಾನಿ ಆಗಿದ್ದು 1966ರ ಜನವರಿಲಿ. ಅದಕ್ಕೂ ಐದೂವರೆ ವರ್ಷ ಮುಂಚೆ, 1960ರ ಜುಲೈ 21ಕ್ಕೇ ಸಿರಿಮಾವೊ ಬಂಡಾರನಾಯಕೆ ಸಿಲೋನ್, ಅಂದ್ರೆ ಈಗಿನ ಶ್ರೀಲಂಕಾದ ಪ್ರಧಾನಿ ಆಗಿದ್ರು. ವಾದದಲ್ಲಿ ಸೋತವರು ಯಾರೋ, ಸಮಾಧಾನ ಹೇಳಿ.

ಪ್ರಶ್ನೆ: ಗಂಡ ಸತ್ತ ಅನುಕಂಪದಲ್ಲಿ ಗೆದ್ದವರು ತಾನೆ? ಅವರದ್ದು ಅಂತ ಏನಿತ್ತು?

ಉತ್ತರ: ಅನುಕಂಪ ಇತ್ತು, ಇಲ್ಲ ಅನ್ನಲ್ಲ. 1959ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿಯಾಗಿದ್ದ ಗಂಡನಿಗೆ ಕೊಲಂಬೊದ ಮನೆಯಲ್ಲೇ ಒಬ್ಬ ಬೌದ್ಧ ಭಿಕ್ಷು ಗುಂಡು ಹೊಡೆದ, ಮಾರನೇ ದಿನ ಅವರು ತೀರಿಕೊಂಡ್ರು. ಅವರ ಪಕ್ಷ ಶ್ರೀಲಂಕಾ ಫ್ರೀಡಂ ಪಾರ್ಟಿ ಚೆಲ್ಲಾಪಿಲ್ಲಿ ಆಗೋ ಹಾಗಿತ್ತು, ಮೂರು ಮಕ್ಕಳ ತಾಯಿ ಸಿರಿಮಾವೊನ ಮುಂದೆ ನಿಲ್ಲಿಸಿದ್ರು, ವಿರೋಧಿಗಳು ಅಳುವ ವಿಧವೆ ಅಂತ ಗೇಲಿ ಮಾಡಿದ್ರು. ತಮಾಷೆ ಅಂದ್ರೆ 1960ರ ಜುಲೈ ಚುನಾವಣೇಲಿ ಅವರು ಅಭ್ಯರ್ಥಿನೇ ಅಲ್ಲ! ಪ್ರಚಾರ ಮಾಡಿದ್ರು, ಪಕ್ಷ 75 ಸೀಟು ಗೆದ್ದ ಮೇಲೆ ಸೆನೆಟ್ ಅನ್ನೋ ಮೇಲ್ಮನೆ ಮೂಲಕ ಪಾರ್ಲಿಮೆಂಟಿಗೆ ಬಂದ್ರು.

ಆದ್ರೆ ಅನುಕಂಪ ಕುರ್ಚಿವರೆಗೆ ತಂದು ಬಿಡುತ್ತೆ, ಅಲ್ಲಿಂದ ಮುಂದೆ ಅದು ಕೆಲಸಕ್ಕೆ ಬರಲ್ಲ. ಕಾನ್ವೆಂಟಲ್ಲಿ ಓದಿದ ಈ ಹೆಂಗಸು ಸರ್ಕಾರದ ಅನುದಾನ ತಗೊಳ್ತಿದ್ದ ಚರ್ಚ್ ಶಾಲೆಗಳನ್ನ ಸರ್ಕಾರದ ಕೈಗೆ ತಗೊಂಡ್ರು, ವಿದೇಶಿ ಆಯಿಲ್ ಕಂಪನಿಗಳ ಆಸ್ತಿ ವಶ ಮಾಡ್ಕೊಂಡ್ರು, ಅಮೆರಿಕ 1963ರಲ್ಲಿ ನೆರವು ನಿಲ್ಲಿಸ್ತು, ಇವರು ಜಗ್ಗಲಿಲ್ಲ. 1962ರಲ್ಲಿ ಪೊಲೀಸ್ ಮತ್ತು ಸೇನೆಯ ಅಧಿಕಾರಿಗಳು ಸೇರಿ ಸರ್ಕಾರ ಕಿತ್ತುಹಾಕೋಕೆ ನೋಡಿದ್ರು, ಸಂಚು ಬಯಲಾಯ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಭಾರತ-ಚೀನಾ ಯುದ್ಧದ ಬಿಸಿ ಆರೋ ಮೊದಲೇ ತಮ್ಮದೂ ಸೇರಿ ಆರು ದೇಶಗಳನ್ನ ಕೊಲಂಬೊದಲ್ಲಿ ಸೇರಿಸಿ ಸಂಧಾನಕ್ಕೆ ಕೂತ್ರು. ಇದನ್ನೆಲ್ಲ ಗಂಡನ ಫೋಟೋ ಮಾಡಿಸ್ತು ಅಂದ್ರೆ ನಾನಂತೂ ಒಪ್ಪಲ್ಲ.

ಪ್ರಶ್ನೆ: ಹಾಗಿದ್ರೆ ತಮಿಳರ ವಿಷಯ? ಅದನ್ನ ಮುಚ್ಚಿಡ್ತೀರಾ?

ಉತ್ತರ: ಯಾಕೆ ಮುಚ್ಚಿಡ್ಲಿ. ಸಿಂಹಳ ಒಂದೇ ಆಡಳಿತ ಭಾಷೆ ಅನ್ನೋ ಕಾನೂನು ಗಂಡನ ಕಾಲದ್ದು, 1956ರದ್ದು, ಆದ್ರೆ 1961ರಿಂದ ಅದನ್ನ ಪಟ್ಟುಹಿಡಿದು ಜಾರಿ ಮಾಡಿದ್ದು ಇವರು. ಉತ್ತರ ಮತ್ತು ಪೂರ್ವದಲ್ಲಿ ತಮಿಳರು ಸತ್ಯಾಗ್ರಹ ಕೂತಾಗ ಮಾತುಕತೆ ಬಿಟ್ಟು ತುರ್ತುಪರಿಸ್ಥಿತಿ ಹಾಕಿ ಸೈನ್ಯ ಕಳಿಸಿದ್ರು. 1964ರಲ್ಲಿ ಶಾಸ್ತ್ರಿಯವರ ಜೊತೆ ಒಪ್ಪಂದ ಆಯ್ತಲ್ಲ, ಟೀ ತೋಟದ ತಮಿಳು ಕೂಲಿಗಳ ಪೈಕಿ 5,25,000 ಜನ ಭಾರತಕ್ಕೆ, 3 ಲಕ್ಷ ಜನ ಅಲ್ಲೇ, ಉಳಿದ ಒಂದೂವರೆ ಲಕ್ಷದ ಮಾತು ಆಮೇಲೆ ಅಂತ. ತಲೆಮಾರುಗಳಿಂದ ಅಲ್ಲೇ ಬದುಕಿದ್ದ ಆ ಜನರನ್ನ ಯಾರೂ ಒಂದು ಮಾತು ಕೇಳಲಿಲ್ಲ. 1972ರಲ್ಲಿ ಸಿಲೋನ್ ಶ್ರೀಲಂಕಾ ಗಣರಾಜ್ಯ ಆಯ್ತು, ಹೊಸ ಸಂವಿಧಾನ ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ಕೊಟ್ಟಿತು, ಯೂನಿವರ್ಸಿಟಿ ಸೀಟಿನ ಹೊಸ ನಿಯಮದಿಂದ ತಮಿಳು ಹುಡುಗರು ಹೆಚ್ಚು ಅಂಕ ತೆಗೆದೂ ಹೊರಗುಳಿದ್ರು. 1976ರಲ್ಲಿ ತಮಿಳು ಪಕ್ಷಗಳು ಪ್ರತ್ಯೇಕ ದೇಶವೇ ಬೇಕು ಅಂತ ನಿರ್ಣಯ ಮಾಡಿದ್ವು. ಆಮೇಲೆ ನಡೆದ ಅಂತರ್ಯುದ್ಧಕ್ಕೆ ಇವರೊಬ್ಬರೇ ಕಾರಣ ಅನ್ನೋದು ಅತಿಯಾಯ್ತು, ಆದ್ರೆ ದೊಡ್ಡ ಪಾಲು ಇವರದ್ದಿದೆ.

ಪ್ರಶ್ನೆ: ಅಧಿಕಾರ ಹೋದ ಮೇಲೆ ಏನ್ಮಾಡಿದ್ರು?

ಉತ್ತರ: ಎರಡು ಸಲ ಹೋಯ್ತು ನೋಡಿ. 1964ರ ಡಿಸೆಂಬರ್‌ನಲ್ಲಿ ಸ್ವಪಕ್ಷದವರೇ ಕೈಕೊಟ್ಟು ಪಾರ್ಲಿಮೆಂಟಲ್ಲಿ ಒಂದೇ ಒಂದು ವೋಟಿಂದ ಸೋತ್ರು. 1970ರಲ್ಲಿ ಎಡಪಕ್ಷಗಳ ಜೊತೆ ಭರ್ಜರಿಯಾಗಿ ವಾಪಸ್ ಬಂದ್ರು, ಮರುವರ್ಷವೇ ಜೆವಿಪಿ ಅನ್ನೋ ಉಗ್ರ ಎಡಪಂಥೀಯ ಪಕ್ಷದ ಯುವಕರು ದಂಗೆ ಎದ್ರು, ಅದನ್ನ ರಕ್ತ ಹರಿಸಿಯೇ ಹತ್ತಿಕ್ಕಿದ್ದು. ಆಮೇಲೆ ಆಮದಿಗೆ ಕಡಿವಾಣ, ಅಂಗಡಿ ಮುಂದೆ ಕ್ಯೂ, ಜನ ಬೇಸತ್ತು 1977ರಲ್ಲಿ ಪಕ್ಷಕ್ಕೆ ಬರೀ 8 ಸೀಟು ಕೊಟ್ರು. 1980ರಲ್ಲಿ ಜಯವರ್ಧನೆ ಸರ್ಕಾರ ಏಳು ವರ್ಷಕ್ಕೆ ಅವರ ನಾಗರಿಕ ಹಕ್ಕನ್ನೇ ಕಿತ್ಕೊಳ್ತು. ಬೇರೆಯವರಾಗಿದ್ರೆ ಮನೆ ಸೇರ್ತಿದ್ರು. ಇವರು 1988ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತು ಪ್ರೇಮದಾಸ ಎದುರು ಸೋತ್ರು, 1994ರಲ್ಲಿ ಮಗಳು ಚಂದ್ರಿಕಾ ಅಧ್ಯಕ್ಷೆ ಆದಾಗ ಮೂರನೇ ಸಲ ಪ್ರಧಾನಿ ಆದ್ರು, ಅಷ್ಟೊತ್ತಿಗೆ ನಿಜವಾದ ಅಧಿಕಾರವೆಲ್ಲ ಅಧ್ಯಕ್ಷರ ಕೈಲಿತ್ತು ಅನ್ನಿ. 2000ದ ಆಗಸ್ಟ್‌ನಲ್ಲಿ ರಾಜೀನಾಮೆ, ಅಕ್ಟೋಬರ್ 10ರಂದು ಚುನಾವಣೇಲಿ ವೋಟು ಹಾಕಿ ಬರೋವಾಗ ಹೃದಯಾಘಾತ. 84 ವರ್ಷ ಆಗಿತ್ತು.

ಪ್ರಶ್ನೆ: ಕಚ್ಚತೀವು ದ್ವೀಪ ಶ್ರೀಲಂಕಾ ಪಾಲಿಗೆ ಹೋಗಿದ್ದು ಇವರ ಕಾಲದಲ್ಲೇನಾ?

ಉತ್ತರ: ಹೌದು, 1974ರಲ್ಲಿ ಇಂದಿರಾ-ಸಿರಿಮಾವೊ ಒಪ್ಪಂದದಲ್ಲಿ. ಈ ಬಗ್ಗೆ ಸಿಟ್ಟಿನ ಪತ್ರಗಳೂ ಬಂದಿವೆ, ಮುಂದಿನ ವಾರ ನೋಡೋಣ.