ಮೂರು ವರ್ಷ ಸುವಾರ್ತೆ ಹೇಳಿದರೂ ಒಬ್ಬರೂ ಕೇಳುತ್ತಿಲ್ಲ, ಬಿಟ್ಟುಬಿಡಲೇ?

ನೀವು ಬರೆದಿದ್ದು ಇಷ್ಟು: ಗೆಳೆಯರಿಗೆ, ನೆರೆಯವರಿಗೆ ಮೂರು ವರ್ಷದಿಂದ ಯೇಸುವಿನ ಸುವಾರ್ತೆ ಹೇಳುತ್ತಿದ್ದೀರಿ. ಒಬ್ಬರೂ ಕಿವಿಗೊಟ್ಟಿಲ್ಲ. ಅವಮಾನ ಸಾಕಾಗಿದೆ. ಮನೆಯಲ್ಲಿ ಹೆಂಡತಿಗೂ ಬೇಸರ.

ಬಿಡಬೇಡಿ, ಸಹೋದರರೇ. ಆದರೆ ಹೆಂಡತಿಯ ಬೇಸರವನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ. ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ಅದೇ.

ನಾನು ಸೋತು ಕೂತಾಗೆಲ್ಲ ವಿಲಿಯಂ ಕ್ಯಾರಿಯವರನ್ನು ನೆನೆಯುತ್ತೇನೆ. ಇಂಗ್ಲೆಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದವರು, ಸುವಾರ್ತೆ ಹೇಳಲು 1793ರಲ್ಲಿ ಬಂಗಾಳಕ್ಕೆ ಬಂದರು. ಮರುವರ್ಷವೇ ಐದು ವರ್ಷದ ಮಗ ಪೀಟರ್ ರಕ್ತಭೇದಿಯಿಂದ ತೀರಿಕೊಂಡ. ಏಳು ವರ್ಷ ಒಬ್ಬ ಬಂಗಾಳಿಯೂ ನಂಬಿ ಬರಲಿಲ್ಲ. ಆ ದಿನಗಳಲ್ಲಿ ಅವರು ಸುಮ್ನೆ ಕೂರಲಿಲ್ಲ. ಬಂಗಾಳಿ ಕಲಿತರು, ಸಂಸ್ಕೃತ ಕಲಿತರು, ಬೈಬಲಿನ ಹೊಸ ಒಡಂಬಡಿಕೆಯನ್ನು ಅನುವಾದ ಮಾಡಿದರು.

ಕೊನೆಗೆ ನಂಬಿ ಬಂದವರು ಬಂಗಾಳದ ಸೆರಾಂಪುರದ ಬಡಗಿ ಕೃಷ್ಣ ಪಾಲ್. ಅವರ ಭುಜದ ಕೀಲು ಜಾರಿತ್ತು. ಕ್ಯಾರಿಯವರ ಜೊತೆಗಾರ ಡಾಕ್ಟರ್ ಥಾಮಸ್ ಅದನ್ನು ಕೂರಿಸಿದರು, ಹಾಗೇ ಮಾತು ಬೆಳೆಯಿತು. 1800ರ ಡಿಸೆಂಬರ್ 28ರಂದು ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಆಯಿತು. ನೋವಿದ್ದ ಕಡೆ ಕೈಯಿಟ್ಟ ಮೇಲೆ ಮಾತು ಒಳಗೆ ಇಳಿಯಿತು, ಅಲ್ವಾ?

1812ರ ಮಾರ್ಚ್ 11ರ ರಾತ್ರಿ ಸೆರಾಂಪುರದಲ್ಲಿದ್ದ ಕ್ಯಾರಿಯವರ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ವರ್ಷಗಟ್ಟಲೆ ಬರೆದ ಹಸ್ತಪ್ರತಿಗಳು ಬೂದಿಯಾದವು. ಅಚ್ಚಿನ ಮೊಳೆಗಳು ಕರಗಿ ಗಟ್ಟಿಯಾಗಿ ಬಿದ್ದಿದ್ದವು. ಆ ಸೀಸವನ್ನೇ ಮತ್ತೆ ಎರಕ ಹೊಯ್ದು ಕೆಲಸ ಶುರು ಮಾಡಿದರು. 1817ರಲ್ಲಿ ಕ್ಯಾರಿಯವರ ಕನ್ನಡ ವ್ಯಾಕರಣ ಬಂದಿದ್ದು ಅದೇ ಸೆರಾಂಪುರದಿಂದ.

ಇಷ್ಟನ್ನು ಸಭೆಗಳಲ್ಲಿ ಹೇಳುತ್ತಾರೆ. ಡೊರೊಥಿಯವರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ಯಾರಿಯವರ ಹೆಂಡತಿ. ಇಲ್ಲಿಗೆ ಬರಲು ಅವರಿಗೆ ಮೊದಲು ಮನಸ್ಸೇ ಇರಲಿಲ್ಲ. ಮಗ ಹೋದ ಮೇಲೆ ಅವರ ಮನಸ್ಸಿನ ಸ್ಥಿಮಿತ ತಪ್ಪಿತು, 1807ರಲ್ಲಿ ತೀರಿಕೊಳ್ಳುವವರೆಗೂ ಸರಿಹೋಗಲಿಲ್ಲ. ಕ್ಯಾರಿಯವರನ್ನು ನಾನು ತುಂಬಾ ಗೌರವಿಸುತ್ತೇನೆ. ಆದರೂ ಆ ತಾಯಿಯನ್ನು ನೆನೆದರೆ ಕರುಳು ಹಿಂಡಿದಂತಾಗುತ್ತದೆ. ಒಬ್ಬರ ಹೊರೆಯನ್ನು ಇನ್ನೊಬ್ಬರ ತಲೆಗೆ ಕೇಳದೆ ಹೊರಿಸಬಾರದು.

ಬೇಡ ಅಂದವರ ಹಿಂದೆ ಬೀಳುವುದೂ ಬೇಡ. ನಮ್ಮ ಪಕ್ಕದ ಮನೆಯವರು ನನ್ನನ್ನು ಕಂಡರೆ ಬಾಗಿಲು ಹಾಕುತ್ತಿದ್ದರು. ತಪ್ಪು ನನ್ನದೇ, ಹೋದಾಗಲೆಲ್ಲ ಬರೀ ಉಪದೇಶ. ಅವರ ತಾಯಿ ಕಾಲು ಮುರಿದು ಮಲಗಿದಾಗ ನನ್ನ ಹೆಂಡತಿ ದಿನಾ ಸಂಜೆ ಗಂಜಿ ಮಾಡಿಕೊಟ್ಟಳು, ನಾನು ಒಯ್ದು ಕೊಟ್ಟು ಬಂದೆ. ಬೇರೆ ಮಾತಿಲ್ಲ. ಒಂದು ದಿನ ಅಜ್ಜಿಯೇ ಪಾತ್ರೆ ವಾಪಸ್ ಕೊಡುತ್ತಾ, "ನಿಮ್ಮ ಯೇಸಪ್ಪನ ಹತ್ರ ನನಗೂ ಒಂದು ಮಾತು ಹೇಳಪ್ಪ" ಅಂದರು. ಅವರ ಮನೆಯಿಂದ ಇವತ್ತಿಗೂ ಯಾರೂ ಸಭೆಗೆ ಬಂದಿಲ್ಲ. ನಾನು ಇವತ್ತಿಗೂ ಆ ಅಜ್ಜಿಗಾಗಿ ಪ್ರಾರ್ಥಿಸುತ್ತೇನೆ.

ನೀವು ಇವತ್ತು ರಾತ್ರಿ ಊಟ ಆದಮೇಲೆ ಹೆಂಡತಿಯ ಹತ್ತಿರ ಕೂತುಕೊಳ್ಳಿ. ಈ ಮೂರು ವರ್ಷದಲ್ಲಿ ಅವರಿಗೆ ಯಾವುದು ಭಾರ ಆಯಿತು ಅಂತ ಕೇಳಿ. ಅವರು ಪೂರ್ತಿ ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿ.